ಓದುಗರ ಪ್ರಶ್ನೆ: ಮರೆತ ಹುಡುಗಿ, ಕಾಣೆಯಾದ ಗೆಳತಿ

ಪ್ರಶ್ನೆ: ನಾನು ಪದವಿ ತರಗತಿಯ ವಿದ್ಯಾರ್ಥಿನಿ. ಹದಿಹರೆಯದವರಿಗಾಗಿ ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಆನೆಗೊಂದಿಯ ಸಮೀಪ ಸ್ಕೂಟರ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದ ಹದಿನಾರರ ಹುಡುಗಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಕಣ್ಣು ತೆರೆಯುತ್ತಾಳೆ. ಹಿಂದಿನ ಮೂರು ವಾರ ಅವಳಿಗೆ ನೆನಪಿಲ್ಲ. ಜೊತೆಗಿದ್ದ ಗೆಳತಿ ಕಾಣೆಯಾಗಿದ್ದಾಳೆ. ಠಾಣೆಯಲ್ಲಿ 24 ಗಂಟೆ ಕಾಯಿರಿ ಎನ್ನುತ್ತಾರೆ. ಕೊನೆಯ ಅಧ್ಯಾಯದಲ್ಲಿ ಅವಳು ಮೆಟ್ಟಿಲಿನಿಂದ ಜಾರಿ ಬಿದ್ದು ತಲೆಗೆ ಮತ್ತೆ ಪೆಟ್ಟಾದಾಗ ಎಲ್ಲವೂ ನೆನಪಾಗುತ್ತದೆ. ಹಸ್ತಪ್ರತಿ ಓದಿದ ಸ್ನೇಹಿತರಿಗೆ ಈ ಮುಕ್ತಾಯ ಒಪ್ಪಿಗೆಯಾಗಿಲ್ಲ. ಏನು ಮಾಡಲಿ?
– ಓದುಗರು, ಗಂಗಾವತಿ

ಉತ್ತರ: ನಿಮ್ಮ ಸ್ನೇಹಿತರ ಅಸಮಾಧಾನ ಸಕಾರಣವಾದದ್ದು. ಒಂದು ಪೆಟ್ಟಿನಿಂದ ಹೋದ ನೆನಪು ಇನ್ನೊಂದು ಪೆಟ್ಟಿನಿಂದ ಮರಳುವುದು ಸಿನಿಮಾಗಳಲ್ಲಿ ಮಾತ್ರ. ಗಾಯಗೊಂಡ ಮಿದುಳಿಗೆ ಎರಡನೆಯ ಪೆಟ್ಟು ಇನ್ನಷ್ಟು ಅಪಾಯವನ್ನೇ ತರುತ್ತದೆ. ಆದರೆ ಇದಕ್ಕಿಂತ ದೊಡ್ಡ ತೊಡಕು ಕಥೆಯೊಳಗೇ ಇದೆ. ಗೆಳತಿಯನ್ನು ಹುಡುಕುತ್ತ ನಿಮ್ಮ ನಾಯಕಿ ಕಾದಂಬರಿಯುದ್ದಕ್ಕೂ ಪಟ್ಟ ಪಾಡೆಲ್ಲ ಆ ಮೆಟ್ಟಿಲಿನ ಮುಂದೆ ವ್ಯರ್ಥವಾಗುತ್ತದೆ. ಅವಳು ಏನೂ ಮಾಡದೆ ಮನೆಯಲ್ಲೇ ಕುಳಿತಿದ್ದರೂ ಒಂದು ದಿನ ಜಾರಿ ಬಿದ್ದಿದ್ದರೆ ಉತ್ತರ ಸಿಗುತ್ತಿತ್ತಲ್ಲ ಎಂದು ಓದುಗರಿಗೆ ಅನ್ನಿಸದಿರದು. ಹಾಗಾಗಿ ನನ್ನ ಸಲಹೆ ಸ್ವಲ್ಪ ಕಠಿಣವಾದದ್ದು: ಅಪಘಾತದ ಗಳಿಗೆಯ ನೆನಪು ಅವಳಿಗೆ ಕೊನೆಯವರೆಗೂ ಮರಳದಿರಲಿ.

ಹೀಗೆ ಮಾಡಿದರೆ ವಾಸ್ತವಕ್ಕೂ ಹತ್ತಿರವಾಗುತ್ತೀರಿ. ಹೊಸ ನೆನಪುಗಳು ಮೊದಲು ಅಳಿಯುತ್ತವೆ, ಹಳೆಯವು ಗಟ್ಟಿಯಾಗಿ ಉಳಿಯುತ್ತವೆ ಎಂದು ಫ್ರಾನ್ಸಿನ ಮನೋವಿಜ್ಞಾನಿ ತೆಯೊದ್ಯೂಲ್ ರಿಬೊ 1881ರಲ್ಲೇ ವಿವರಿಸಿದ್ದರು. ಆದ್ದರಿಂದ ಅವಳು ತಾಯಿಯನ್ನು ಗುರುತಿಸುತ್ತಾಳೆ, ಬಾಲ್ಯದ ಪದ್ಯಗಳನ್ನು ಹೇಳುತ್ತಾಳೆ, ಕಲಿತ ಸೈಕಲ್ಲನ್ನು ಮರೆಯುವುದಿಲ್ಲ. ಕಳೆದ ಮೂರು ವಾರ ಮಾತ್ರ ಅಳಿಸಿಹೋಗುವುದು ಸಾಧ್ಯ. ಪೆಟ್ಟಾದ ಮೊದಲ ಕೆಲವು ದಿನ ಹೊಸ ನೆನಪೂ ನಿಲ್ಲದೆ, ರೋಗಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದುಂಟು. ‘ಅವಳೆಲ್ಲಿ?’ ಎಂದು ನಾಯಕಿ ಕೇಳುತ್ತಲೇ ಇದ್ದಳೆಂದೂ, ಮನೆಯವರು ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟರೆಂದೂ ಅವಳ ತಮ್ಮ ಎಷ್ಟೋ ದಿನಗಳ ಮೇಲೆ ಹೇಳಿದರೆ, ಓದುಗರ ಅನುಮಾನಕ್ಕೆ ಅಲ್ಲಿಂದಲೇ ದಾರಿ ತೆರೆಯುತ್ತದೆ. ಮುಂದೆ ಆ ವಾರಗಳು ಹಳೆಯ ತುದಿಯಿಂದ ಹರಕುಮುರುಕಾಗಿ ಮರಳಬಹುದು. ಪೆಟ್ಟಿಗೆ ತುಸು ಮುಂಚಿನ ಕ್ಷಣಗಳು ಮಾತ್ರ ಸಾಮಾನ್ಯವಾಗಿ ಮರಳುವುದಿಲ್ಲ, ಏಕೆಂದರೆ ಅವು ಮಿದುಳಿನಲ್ಲಿ ನೆಲೆಗೊಳ್ಳುವ ಮೊದಲೇ ಪೆಟ್ಟು ಬಿದ್ದಿರುತ್ತದೆ.

ಹಾಗಾದರೆ ನಡೆದದ್ದು ತಿಳಿಯುವುದು ಹೇಗೆ? ಅದಕ್ಕೆ ಬೇಕಾದದ್ದೆಲ್ಲ ನಿಮ್ಮ ಊರಿನ ಸುತ್ತಲೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿಯ ಗದ್ದೆಗಳು ವಾರದಿಂದ ವಾರಕ್ಕೆ ಬದಲಾಗುತ್ತವೆ. ಭತ್ತವನ್ನು ಸಸಿಮಡಿಯಲ್ಲಿ ಕಂಡದ್ದೇ ಕೊನೆಯ ನೆನಪಾಗಿರುವ ಹುಡುಗಿ, ಆಸ್ಪತ್ರೆಯಿಂದ ಮನೆಗೆ ಬರುವಾಗ ನಾಟಿ ಮುಗಿದು ಹಸಿರೇರಿದ ಗದ್ದೆಗಳನ್ನು ನೋಡಿದರೆ ತಾನು ಕಳೆದುಕೊಂಡದ್ದು ಎಷ್ಟೆಂದು ಯಾರೂ ಹೇಳದೆಯೇ ಅವಳಿಗೆ ತಿಳಿಯುತ್ತದೆ. ಜಲಾಶಯದಿಂದ ಭಾರೀ ಪ್ರಮಾಣದಲ್ಲಿ ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿಯ ಸಂಚಾರ ನಿಲ್ಲುವುದನ್ನು ನೀವು ಬಲ್ಲಿರಿ. ಗೆಳತಿ ಆ ದಿನ ಕಂಪ್ಲಿಯ ಮೇಲೆ ಬಸ್ಸಿನಲ್ಲಿ ಹೋದಳು ಎಂದು ಒಬ್ಬ ಹಿರಿಯರು ಹೇಳಲಿ. ಆ ದಿನ ಸೇತುವೆಯ ಮೇಲೆ ನೀರು ಹರಿಯುತ್ತಿತ್ತೆಂದು ನಾಯಕಿ ಹಳೆಯ ದಿನಪತ್ರಿಕೆಯಲ್ಲಿ ಓದಲಿ. ಯಾರ ನೆನಪಿನ ಹಂಗೂ ಇಲ್ಲದೆ ಒಂದು ಸುಳ್ಳು ಬಯಲಾಗುತ್ತದೆ. ಆನೆಗೊಂದಿಯ ಸೀಮೆಯನ್ನೇ ಕಿಷ್ಕಿಂಧೆಯೆಂದು ನಂಬುವ ನಮಗೆ ಇಂಥ ಹುಡುಕಾಟ ಹೊಸದೇನಲ್ಲ. ಕಾಣೆಯಾದ ಸೀತೆ ಮೇಲಿನಿಂದ ಹಾಕಿದ ಒಡವೆಗಂಟನ್ನು ಸುಗ್ರೀವ ರಾಮನಿಗೆ ತೋರಿಸುವುದು ಆ ಕಾಂಡದಲ್ಲೇ. ತನ್ನ ಬಲವನ್ನೇ ಮರೆತ ಹನುಮಂತನಿಗೆ ಜಾಂಬವಂತ ಅದನ್ನು ನೆನಪಿಸುವುದೂ ಅಲ್ಲೇ.

ಮರೆವಿಗಿಂತ ಹೆಚ್ಚು ಭಯ ಹುಟ್ಟಿಸುವುದು ಸುಳ್ಳು ನೆನಪು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಸಂಶೋಧಕರು ಕಾರು ಅಪಘಾತದ ಚಿತ್ರವನ್ನು ತೋರಿಸಿ, ಕಾರುಗಳು ‘ಡಿಕ್ಕಿ ಹೊಡೆದಾಗ’ ವೇಗ ಎಷ್ಟಿತ್ತು ಎಂದು ಕೆಲವರನ್ನೂ, ‘ಅಪ್ಪಳಿಸಿದಾಗ’ ಎಷ್ಟಿತ್ತು ಎಂದು ಬೇರೆ ಕೆಲವರನ್ನೂ ಕೇಳಿದರು. ಒಂದು ವಾರದ ನಂತರ ವಿಚಾರಿಸಿದಾಗ, ಚಿತ್ರದಲ್ಲಿ ಇಲ್ಲವೇ ಇಲ್ಲದ ಒಡೆದ ಗಾಜನ್ನು ಕಂಡೆವೆಂದವರು ಎರಡನೆಯ ಗುಂಪಿನಲ್ಲಿ ಹೆಚ್ಚಾಗಿದ್ದರು. ಕೇಳುವ ಮಾತೇ ನೆನಪನ್ನು ತಿದ್ದುವುದಾದರೆ, ಹಾಸಿಗೆಯ ಪಕ್ಕ ಕುಳಿತು ‘ಸ್ಕೂಟರ್ ಓಡಿಸುತ್ತಿದ್ದವಳು ಅವಳೇ ಅಲ್ಲವೇನಮ್ಮ’ ಎಂದು ದಿನವೂ ಕೇಳುವ ಚಿಕ್ಕಪ್ಪ ಏನು ಮಾಡಬಲ್ಲರೆಂದು ಯೋಚಿಸಿ. ಅವರಿಗೆ ಕಾರಣವನ್ನು ಕಾನೂನೇ ಒದಗಿಸುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಸಂಭವಿಸಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ಕೆಟ್ಟವರಲ್ಲದ, ಹೆದರಿದ ಹಿರಿಯರು ಹೇಳುವ ಸುಳ್ಳಿನಷ್ಟು ನಂಬಲರ್ಹವಾದ ಗುಟ್ಟು ಈ ಬಗೆಯ ಕಾದಂಬರಿಯಲ್ಲಿ ಅಪರೂಪ.

ಒಂದು ಕೊರತೆ ನನ್ನನ್ನು ಬಹಳ ಕಾಡಿತು: ನಿಮ್ಮ ಪತ್ರದಲ್ಲಿ ಗೆಳತಿ ಕಾಣೆಯಾಗಿದ್ದಾಳೆ ಎಂಬುದರ ಹೊರತು ಅವಳ ಬಗ್ಗೆ ಒಂದು ಮಾತೂ ಇಲ್ಲ. ಅವಳು ಏನು ಓದುತ್ತಿದ್ದಳು, ಯಾವುದಕ್ಕೆ ನಗುತ್ತಿದ್ದಳು, ಇಬ್ಬರೂ ಕೊನೆಯ ಸಲ ಯಾವ ವಿಷಯಕ್ಕೆ ಮುನಿಸಿಕೊಂಡಿದ್ದರು ಎಂಬುದು ಓದುಗರಿಗೆ ಗೊತ್ತಾಗಬೇಕು. ನಾಯಕಿಯ ಹಳೆಯ ನೆನಪುಗಳು ಅಳಿದಿಲ್ಲವಾದ್ದರಿಂದ ಇದನ್ನು ಬರೆಯಲು ನಿಮಗೆ ಯಾವ ಅಡ್ಡಿಯೂ ಇಲ್ಲ.

ಠಾಣೆಯ ದೃಶ್ಯವನ್ನು ದಯವಿಟ್ಟು ತಿದ್ದಿ. ಕಾಣೆಯಾದ ಮಕ್ಕಳ ದೂರು ಬಂದಾಗ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿದೆ. 24 ಗಂಟೆ ಕಾಯಬೇಕೆಂಬ ನಿಯಮವಿಲ್ಲ. ನಿಮ್ಮ ಪುಸ್ತಕ ಓದಿದ ಹುಡುಗಿಯೊಬ್ಬಳು ಅದನ್ನು ನಿಜವೆಂದು ನಂಬಿಬಿಡಬಾರದು. ಕಥೆಗೆ ಆ ವಿಳಂಬ ಬೇಕೇ ಬೇಕೆಂದಿದ್ದರೆ, ಗೆಳತಿಯ ಮನೆಯವರೇ ಊರವರ ಬಾಯಿಗೆ ಅಂಜಿ ಎರಡು ದಿನ ದೂರು ಕೊಡಲಿಲ್ಲವೆಂದು ಬರೆಯಿರಿ.