6 ದಿನದ ರಜೆಯಲ್ಲಿ ಲಡಾಖ್‌ಗೆ ಹೋಗಿ ಹಿಮಚಿರತೆ ನೋಡಿ ಬರಬಹುದೇ?

ಫೆಬ್ರವರಿಯಲ್ಲಿ 6 ದಿನ ರಜೆ ಇದೆ, ಬೆಂಗಳೂರಿನಿಂದ ಹೋಗಿ ಹಿಮಚಿರತೆ, ಪ್ಯಾಂಗಾಂಗ್ ಸರೋವರ, ಹಾನ್ಲೆ ಹಳ್ಳಿ ಮೂರನ್ನೂ ಮುಗಿಸಬಹುದೇ ಎಂದು ಕೇಳಿದ್ದೀರಿ. ತಿಂಗಳೇನೋ ಸರಿಯಾಗಿದೆ, ದಿನ ಸಾಲದು. ರಜೆಯನ್ನು 10 ದಿನ ಮಾಡಿಕೊಳ್ಳಿ, ಜಾಗ ಒಂದೇ ಇಟ್ಟುಕೊಳ್ಳಿ.

ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ದೆಹಲಿಯಿಂದ ವಿಮಾನದಲ್ಲಿ ಒಂದೂಕಾಲು ಗಂಟೆಗೆಲ್ಲ ಅಲ್ಲಿರುತ್ತೀರಿ, ದೇಹ ಮಾತ್ರ ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ. ಚಿರತೆ ನೋಡಲು ಹೋಗುವ ಉಲೆ, ರುಂಬಕ್ ಹಳ್ಳಿಗಳು 4,000 ಮೀಟರ್ ಆಸುಪಾಸಿನಲ್ಲಿವೆ. ಹಾಗಾಗಿ ಮೊದಲ 3 ರಾತ್ರಿ ಲೇಹ್‌ನಲ್ಲೇ ಇರಿ. ಮೊದಲ ದಿನ ಪೇಟೆ ಸುತ್ತುವುದೂ ಬೇಡ, ಮಲಗಿ, ನೀರು ಕುಡಿಯಿರಿ, ಮದ್ಯ ಮುಟ್ಟಬೇಡಿ. ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆಯನ್ನು ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆರಡು ಸಲ, ಹೊರಡುವ ಹಿಂದಿನ ದಿನದಿಂದ ಶುರು ಮಾಡುತ್ತಾರೆ. ಸಲ್ಫಾ ಅಲರ್ಜಿ ಇದ್ದರಂತೂ ವೈದ್ಯರನ್ನು ಕೇಳದೆ ನುಂಗಬಾರದು. ತಲೆನೋವು, ವಾಕರಿಕೆ ಬಂದರೆ ಇನ್ನೂ ಮೇಲಕ್ಕೆ ಹೋಗಬೇಡಿ. ಸುಮ್ಮನೆ ಕೂತಿದ್ದಾಗಲೂ ಏದುಸಿರು ಬಂದರೆ, ನಡಿಗೆ ತೂರಾಡಿದರೆ, ಬೆಳಗಾಗಲಿ ಎಂದು ಕಾಯದೆ ಕೆಳಗಿಳಿದು ಲೇಹ್‌ನ ಆಸ್ಪತ್ರೆಗೆ ಹೋಗಬೇಕು.

ಚಳಿಗಾಲವೇ ಯಾಕೆ ಎಂದರೆ, ಮೇಲಿನ ಇಳಿಜಾರುಗಳಲ್ಲಿ ಹಿಮ ಕೂತಾಗ ನೀಲಿ ಕುರಿ, ಐಬೆಕ್ಸ್ ಎಂಬ ಕಾಡುಮೇಕೆಗಳು ಮೇವಿಗಾಗಿ ಕೆಳಗಿಳಿಯುತ್ತವೆ, ಚಿರತೆ ಅವುಗಳ ಹಿಂದೆಯೇ ಬರುತ್ತದೆ. ಜನವರಿಯಿಂದ ಮಾರ್ಚ್ ಅದರ ಬೆದೆಯ ಕಾಲವೂ ಹೌದು. ಆಗ ಬಂಡೆಗಳಿಗೆ ಗುರುತು ಹಾಕುತ್ತಾ, ಕೂಗುತ್ತಾ ಹೆಚ್ಚು ಓಡಾಡುತ್ತದೆ. 2024ರಲ್ಲಿ ಪ್ರಕಟವಾದ ದೇಶದ ಮೊದಲ ಗಣತಿಯ ಅಂದಾಜು 718, ಅದರಲ್ಲಿ 477 ಲಡಾಖ್‌ನಲ್ಲೇ (ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಕೂಡ ಆ ಕೆಲಸದಲ್ಲಿ ಇತ್ತು). ಆದರೂ ಅದು ನಿಮ್ಮ ಪಕ್ಕದಲ್ಲಿ ಹಾದುಹೋಗುವ ಪ್ರಾಣಿಯಲ್ಲ. ಎಷ್ಟೋ ಸಲ ಒಂದು ಕಿಲೋಮೀಟರ್ ಆಚೆ, ಬಂಡೆಯ ಬಣ್ಣದಲ್ಲೇ ಬೆರೆತು ಮಲಗಿರುತ್ತದೆ, ಸ್ಪಾಟಿಂಗ್ ಸ್ಕೋಪ್ ಎಂಬ ದೂರದರ್ಶಕದಲ್ಲಷ್ಟೇ ಕಾಣುತ್ತದೆ. ಇದಕ್ಕೇ ನಾನು ಒಂದೇ ಕಣಿವೆಯಲ್ಲಿ 5 ದಿನ ಕೂರಿ ಎನ್ನುವುದು.

ರುಂಬಕ್ ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗಿದೆ, ಅಲ್ಲಿ ನಡಿಗೆ ಹೆಚ್ಚು. ಉಲೆಗೆ ವಾಹನ ಹೋಗುತ್ತದೆ, ಎದುರಿನ ಇಳಿಜಾರುಗಳನ್ನು ರಸ್ತೆಬದಿಯಿಂದಲೇ ಜಾಲಾಡಬಹುದು. ಮೊದಲ ಸಲ ಹೋಗುವವರಿಗೆ, ಮಂಡಿನೋವಿನವರಿಗೆ ಉಲೆಯೇ ವಾಸಿ.

ಬಟ್ಟೆಯಲ್ಲಿ ಎಲ್ಲರೂ ಎಡವುವುದು ನಡೆಯುವಾಗಿನ ಚಳಿಗೆ ತಯಾರಾಗಿ ನಿಲ್ಲುವಾಗಿನ ಚಳಿಯನ್ನು ಮರೆಯುವುದರಲ್ಲಿ. ರಾತ್ರಿ ಮೈನಸ್ 20 ಡಿಗ್ರಿ ಆಗಬಹುದು, ಹಗಲಲ್ಲಿ ಸ್ಕೋಪಿನ ಮುಂದೆ ಗಂಟೆಗಟ್ಟಲೆ ಅಲುಗಾಡದೆ ನಿಲ್ಲಬೇಕು. ಹತ್ತಿಯ ಬನಿಯನ್ ಬೆವರು ಹಿಡಿದಿಟ್ಟು ಮೈ ಕೊರೆಯುತ್ತದೆ, ಉಣ್ಣೆ ಅಥವಾ ಸಿಂಥೆಟಿಕ್ ಥರ್ಮಲ್ ಹಾಕಿ. ಮೇಲೆ ಫ್ಲೀಸ್, ಅದರ ಮೇಲೆ ದಪ್ಪ ಡೌನ್ ಜಾಕೆಟ್. ಶೂ ಒಂದು ಅಳತೆ ದೊಡ್ಡದಿರಲಿ. ಬಿಗಿ ಶೂಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡದೆ ಬೆರಳು ಮರಗಟ್ಟುತ್ತದೆ. ನಿಲ್ಲಲು ಒಂದು ತುಂಡು ಫೋಮ್ ಚಾಪೆ ಒಯ್ಯಿರಿ, ನೆಲದ ಚಳಿ ಕಾಲಿಗೇರುವುದು ತಪ್ಪುತ್ತದೆ. ಕ್ಯಾಮೆರಾ ಬ್ಯಾಟರಿ ಒಳಜೇಬಿನಲ್ಲಿರಲಿ. ಬೆಚ್ಚಗಿನ ಕೋಣೆಗೆ ಬರುವ ಮುಂಚೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಇಲ್ಲದಿದ್ದರೆ ಲೆನ್ಸ್‌ಗೆ ಹನಿ ಕೂರುತ್ತದೆ. ಕೋಣೆ ಬೆಚ್ಚಗಿಡುವ ಬುಖಾರಿ ಒಲೆ ಉರಿಸಿ ಕಿಟಕಿಯನ್ನೆಲ್ಲ ಮುಚ್ಚಿ ಮಲಗಬೇಡಿ. ಒಲೆಯಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಟಿಕೆಟ್ ವಿಷಯ. ಹವಾಮಾನ ಕೆಟ್ಟರೆ ಲೇಹ್ ವಿಮಾನ ರದ್ದಾಗುತ್ತದೆ, ಚಳಿಗಾಲದಲ್ಲಿ ಮನಾಲಿ ರಸ್ತೆಯೂ ಮುಚ್ಚಿರುತ್ತದೆ. ಲೇಹ್–ದೆಹಲಿ, ದೆಹಲಿ–ಬೆಂಗಳೂರು ಬೇರೆ ಬೇರೆ ಬುಕ್ ಮಾಡಿದರೆ ಮೊದಲನೆಯದು ರದ್ದಾದಾಗ ಎರಡನೆಯದರ ದುಡ್ಡು ಹೋಗಬಹುದು. ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿ, ಕೊನೆಗೆ ಒಂದು ದಿನ ಖಾಲಿ ಇಡಿ. ಕರ್ನಾಟಕದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಹಳ್ಳಿಗೆ ನಗದು ಒಯ್ಯಿರಿ. ನಲ್ಲಿ ನೀರು ಹೆಪ್ಪುಗಟ್ಟಿರುತ್ತದೆ, ಬಕೆಟ್ ಬಿಸಿನೀರೇ ಗತಿ.

ಪ್ಯಾಂಗಾಂಗ್, ಹಾನ್ಲೆ ಈ ಸಲ ಬಿಡಿ. ಪ್ಯಾಂಗಾಂಗ್‌ಗೆ 5,300 ಮೀಟರ್ ದಾಟಿದ ಚಾಂಗ್ ಲಾ ಕಣಿವೆದಾರಿ ಹತ್ತಿಳಿಯಬೇಕು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇರುವ ಹಾನ್ಲೆಯಲ್ಲಿ ಕಿಯಾಂಗ್ ಎಂಬ ಕಾಡುಕತ್ತೆ, ಅದೃಷ್ಟವಿದ್ದರೆ ಪಲ್ಲಾಸ್ ಎಂಬ ಕಾಡುಬೆಕ್ಕು ಕಾಣಸಿಗುತ್ತವೆ. ಅದಕ್ಕೇ ಬೇರೆ ಪ್ರವಾಸ ಬೇಕು. ಕಪ್ಪು ಕತ್ತಿನ ಕೊಕ್ಕರೆಯ ಆಸೆ ಇದ್ದರೆ ಬೇಸಿಗೆಯಲ್ಲಿ ಹೋಗಬೇಕು, ಫೆಬ್ರವರಿಯಲ್ಲಿ ಅದು ಅಲ್ಲಿರುವುದಿಲ್ಲ.

ಬುಕ್ ಮಾಡುವ ಮೊದಲು ಆಯೋಜಕರನ್ನು ಕೇಳಿ: ಚಿರತೆ ಹುಡುಕಿ ತೋರಿಸುವ ಊರಿನ ಸ್ಪಾಟರ್‌ಗಳು ಎಷ್ಟು ಜನ, ಎಷ್ಟು ಜನಕ್ಕೆ ಒಂದು ಸ್ಕೋಪ್, ಆಮ್ಲಜನಕ ಸಿಲಿಂಡರ್ ಇದೆಯೇ, ಗಾಡಿಯ ಚಕ್ರಕ್ಕೆ ಹಿಮದಲ್ಲಿ ಜಾರದಂತೆ ಸುತ್ತುವ ಸರಪಳಿ ಇದೆಯೇ. ಹೋಟೆಲಿಗಿಂತ ಹೋಂಸ್ಟೇ ಆರಿಸಿ. ಕೊಟ್ಟಿಗೆಗೆ ನುಗ್ಗಿದ ಚಿರತೆ ಒಂದೇ ರಾತ್ರಿ ಹಲವು ಕುರಿ ಕೊಲ್ಲುವುದುಂಟು. ಆ ನಷ್ಟ ಹೊತ್ತೂ ಅದನ್ನು ಬದುಕಲು ಬಿಟ್ಟಿರುವ ಮನೆಗಳಿಗೆ ನಿಮ್ಮ ದುಡ್ಡು ನೇರವಾಗಿ ತಲುಪಲಿ.