ಟೋಟಲ್ ಲಾಸ್ ಆಗಿ ರಿಪೇರಿಯಾದ ಕಾರಿಗೆ ವಿಮೆ ಮಾಡಿಸುವಾಗ ಹಳೆಯದನ್ನು ಮುಚ್ಚಿಡಬಹುದೇ?

ನೀವು ಕೇಳಿರುವುದು ಇಷ್ಟು: ಅಪಘಾತದ ನಂತರ ವಿಮಾ ಕಂಪನಿ ‘ಟೋಟಲ್ ಲಾಸ್’ ಎಂದು ತೀರ್ಮಾನಿಸಿ ಹಣ ಕೊಟ್ಟಿದ್ದ ಕಾರೊಂದನ್ನು ಬಾಗಲಕೋಟೆಯ ನವನಗರದಲ್ಲಿ ಪರಿಚಯದವರಿಂದ ಕೊಂಡಿದ್ದೀರಿ, ರಿಪೇರಿ ಚೆನ್ನಾಗಿ ಆಗಿದೆ, ಈಗ ಏಜೆಂಟರು ‘ಹಳೆಯದೇನನ್ನೂ ಹೇಳದೆ ಆನ್‌ಲೈನಿನಲ್ಲಿ ಪಾಲಿಸಿ ತೆಗೆದುಬಿಡಿ’ ಎನ್ನುತ್ತಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಥದೇ ಕಾರನ್ನು ಇಟ್ಟುಕೊಂಡು ಕಚೇರಿಗಳನ್ನು ಅಲೆದವನಾದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿದಾಗ ಗೋಕಾಕದಲ್ಲಿ ಮನೆ ಮುಂದೆ ನಿಲ್ಲಿಸಿದ್ದ ನನ್ನ ಕಾರು ಸ್ಟೇರಿಂಗಿನವರೆಗೆ ನೀರಿನಲ್ಲಿ ಮುಳುಗಿತ್ತು. ಪಾಲಿಸಿಯಲ್ಲಿ ಅದರ ಐಡಿವಿ, ಅಂದರೆ ವಿಮೆಗೆ ಹಿಡಿದ ಬೆಲೆ, 4,20,000 ರೂಪಾಯಿ ಇತ್ತು. ಶೋರೂಮಿನವರು ಕೊಟ್ಟ ರಿಪೇರಿ ಅಂದಾಜು 3,60,000. ರಿಪೇರಿ ಖರ್ಚು ಐಡಿವಿಯ ಶೇ. 75ನ್ನು ಮೀರಿದರೆ ಆ ವಾಹನವನ್ನು ಟೋಟಲ್ ಲಾಸ್ ಎಂದು ಪರಿಗಣಿಸುವುದು ನಿಯಮ. ಆದ್ದರಿಂದ ಇದು ಲೆಕ್ಕದ ಮಾತೇ ಹೊರತು ಕಾರು ಇನ್ನು ಓಡಲಾರದು ಎಂಬ ತೀರ್ಪಲ್ಲ. ಕಾರನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಸಾಲ್ವೇಜ್ ಬೆಲೆ, ಅಂದರೆ ಕೆಟ್ಟುನಿಂತ ಕಾರಿಗೇ ಕಟ್ಟಿದ ಬೆಲೆ, 1,10,000 ಮತ್ತು ಪ್ರತಿ ಕ್ಲೇಮಿನಲ್ಲೂ ಮಾಲೀಕನೇ ಭರಿಸಬೇಕಾದ ಕಡ್ಡಾಯ ಕಡಿತ 1,000 ಕಳೆದು ಉಳಿದ 3,09,000 ರೂಪಾಯಿ ಪಡೆದು, ಬೆಳಗಾವಿಯ ಉದ್ಯಮಬಾಗಿನ ಗ್ಯಾರೇಜೊಂದರಲ್ಲಿ ನಾಲ್ಕು ತಿಂಗಳು ರಿಪೇರಿ ಮಾಡಿಸಿದೆ. ಹಳೆಯ ಪಾಲಿಸಿ ಆ ಕ್ಲೇಮಿನೊಂದಿಗೇ ಮುಗಿದಿತ್ತು.

ನೀವು ಮೊದಲು ನೋಡಬೇಕಾದದ್ದು ಆರ್‌ಸಿ, ಅಂದರೆ ನೋಂದಣಿ ಪತ್ರ. ವಾಹನ ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾಲೀಕರು 14 ದಿನಗಳೊಳಗೆ ಆರ್‌ಟಿಓಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೆಯ ಕಲಂ ಹೇಳುತ್ತದೆ, ಅದರ ಮೇಲೆ ನೋಂದಣಿ ರದ್ದಾಗುತ್ತದೆ. ಹಿಂದಿನವರು ಹಾಗೆ ರದ್ದು ಮಾಡಿಸಿದ್ದರೆ ಎಂಥ ರಿಪೇರಿಯೂ ಆ ಕಾರನ್ನು ರಸ್ತೆಗೆ ತರಲಾರದು. ಕೊಟ್ಟ ಹಣವನ್ನು ವಾಪಸು ಕೇಳಿ. ಎಂಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿದರೆ ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದು ಗೊತ್ತಾಗುತ್ತದೆ. ಚಾಲ್ತಿಯಲ್ಲಿದ್ದರೆ ಫಾರ್ಮ್ 29 ಮತ್ತು 30 ಕೊಟ್ಟು ಆರ್‌ಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಥರ್ಡ್ ಪಾರ್ಟಿ ಪಾಲಿಸಿ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಗೆ ಇರುವ ವಿಮೆ, ಪಡೆಯುವುದು ಕಷ್ಟವಲ್ಲ, ಅದಿಲ್ಲದೆ ಗಾಡಿಯನ್ನು ರಸ್ತೆಗೆ ಇಳಿಸುವಂತೆಯೂ ಇಲ್ಲ. 2022ರ ಜೂನ್‌ನಲ್ಲಿ ಸರ್ಕಾರ ನಿಗದಿ ಮಾಡಿದಂತೆ 1000 ಸಿಸಿಯೊಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿಯವರೆಗೆ 3,416 ರೂಪಾಯಿ, ಜಿಎಸ್‌ಟಿ ಬೇರೆ.

ತೊಡಕಿರುವುದು ಸ್ವಂತ ಹಾನಿಯ, ಅಂದರೆ ನಿಮ್ಮ ಕಾರಿಗೇ ಆಗುವ ಹಾನಿಯ, ವಿಮೆಯಲ್ಲಿ. ಅದನ್ನು ಕೊಡುವುದು ಬಿಡುವುದು ಕಂಪನಿಯ ಇಚ್ಛೆ, ನನಗೆ ಎರಡು ಕಡೆ ಇಲ್ಲ ಎಂದೇ ಉತ್ತರ ಬಂತು. ಮೂರನೆಯ ಕಡೆ ಏಜೆಂಟರನ್ನು ಬಿಟ್ಟು ನೇರವಾಗಿ ವಿಭಾಗೀಯ ಕಚೇರಿಗೆ ಹೋಗಿ, ಹಿಂದಿನ ಕ್ಲೇಮಿನ ಪತ್ರ, ಗ್ಯಾರೇಜಿನ ಎಲ್ಲ ಬಿಲ್ಲು, ಬಿಚ್ಚಿದ ಎಂಜಿನ್ನಿನ ಮತ್ತು ಹೊಸ ವೈರಿಂಗಿನ ಫೋಟೋಗಳನ್ನು ಒಂದು ಅರ್ಜಿಯೊಂದಿಗೆ ಲಗತ್ತಿಸಿ ಕೊಟ್ಟು, ನೀವೇ ಬಂದು ಕಾರನ್ನು ನೋಡಿ ಎಂದು ಕೋರಿದೆ. ಬಂದವರು ಬಣ್ಣದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಚಾಸಿಸ್ ನಂಬರಿನ ಮೇಲೆ ಕಾಗದ ಒತ್ತಿ ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದುಕೊಂಡರು. ಆಮೇಲೆ ಮುಂದಿನ ಸೀಟಿನ ಬೆಲ್ಟನ್ನು ತುದಿಯವರೆಗೂ ಎಳೆದು ಬೆರಳಿನಿಂದ ಉಜ್ಜಿದಾಗ ನೇಯ್ಗೆಯೊಳಗಿಂದ ನುಣುಪಾದ ಕೆಮ್ಮಣ್ಣು ಬಂತು. ಬೆಲ್ಟುಗಳನ್ನು ಹೊಸದು ಹಾಕಿಸಿ ತರುವಂತೆ ಹೇಳಿ, ಹಾಕಿಸಿದ ಮೇಲೆಯೇ ಪಾಲಿಸಿ ಕೊಟ್ಟರು. ನಾನು ಅದಕ್ಕೆ ಇಂದಿಗೂ ಋಣಿ, ಏಕೆಂದರೆ ಆ ಸೀಟಿನಲ್ಲಿ ಕೂರುವವಳು ನನ್ನ ಹೆಂಡತಿ. ನಿಮ್ಮದು ಅಪಘಾತದ ಗಾಡಿಯಾದ್ದರಿಂದ ಏರ್‌ಬ್ಯಾಗ್ ಹೊಸದಾಗಿ ಹಾಕಿದ್ದಾರೆಯೇ, ಚಾಸಿಸ್ ನೇರವಾಗಿದೆಯೇ ಎಂಬುದನ್ನು ಬೇರೊಬ್ಬ ಮೆಕ್ಯಾನಿಕ್‌ನಿಂದ ಮೊದಲೇ ನೋಡಿಸಿ, ಬರಹದಲ್ಲಿ ಪಡೆದಿಟ್ಟುಕೊಳ್ಳಿ.

ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಿ. ವಿಮೆ ನಿಂತಿರುವುದೇ ಪರಸ್ಪರ ಪೂರ್ಣ ವಿಶ್ವಾಸದ ಮೇಲೆ. ಕೇಳಿದ್ದಕ್ಕೆ ಸುಳ್ಳು ಬರೆದಿದ್ದರೆ ಪ್ರೀಮಿಯಂ ತೆಗೆದುಕೊಳ್ಳುವಾಗ ಯಾರೂ ತಕರಾರು ಮಾಡುವುದಿಲ್ಲ, ಕ್ಲೇಮ್ ಬಂದ ದಿನ ಹಾನಿಯನ್ನು ಅಳೆಯಲು ಬರುವ ಸರ್ವೇಯರ್ ಹಳೆಯ ದಾಖಲೆ ತೆಗೆಯುತ್ತಾರೆ, ಕಂಪನಿ ಹಣ ಕೊಡಲು ನಿರಾಕರಿಸಬಹುದು. ಏಜೆಂಟರು ಅರ್ಜಿ ತುಂಬುವಾಗ ನೋ ಕ್ಲೇಮ್ ಬೋನಸ್ಸಿನ, ಅಂದರೆ ಕ್ಲೇಮ್ ಮಾಡದಿದ್ದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯ, ಮುಂದೆ ಗುರುತು ಹಾಕಿದ್ದಾರೆಯೇ ಎಂದು ವಿಶೇಷವಾಗಿ ನೋಡಿ. ಆ ಬೋನಸ್ ಮಾಲೀಕನದೇ ಹೊರತು ಕಾರಿನದಲ್ಲ, ಹಿಂದಿನವರದು ನಿಮಗೆ ಬರುವುದಿಲ್ಲ.

ಇನ್ನು ಐಡಿವಿಯನ್ನು ದೊಡ್ಡದಾಗಿ ಹಾಕಿಸುವ ಆಸೆ ಬೇಡ. ಇಂಥ ಕಾರಿಗೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆಯೇ, ಹೆಚ್ಚಿಗೆ ಬರೆಸಿದರೆ ಪ್ರೀಮಿಯಂ ಹೆಚ್ಚುತ್ತದೆ, ಕ್ಲೇಮಿನ ಹೊತ್ತಿಗೆ ವಾದವೂ ಹುಟ್ಟುತ್ತದೆ. ನೀವು ಕೊಂಡ ಬೆಲೆಯ ಆಸುಪಾಸಿನಲ್ಲಿ ಒಪ್ಪಿಕೊಳ್ಳಿ, ಮತ್ತು ಕಚೇರಿಗೆ ಕೊಟ್ಟ ಅರ್ಜಿಯ ಪ್ರತಿಯ ಮೇಲೆ ಅವರ ಸೀಲು, ತಾರೀಖು ಹಾಕಿಸಿಕೊಂಡು ಪಾಲಿಸಿಯೊಂದಿಗೇ ಇಟ್ಟಿರಿ.