ಡಿಇಎಫ್ ಖಾಲಿ ಕ್ಯಾನುಗಳ ರಾಶಿ ಕಡಿಮೆ ಮಾಡುವುದು ಹೇಗೆ?

ವಿಜಯಪುರದಲ್ಲಿ ಮೂರು ಬಿಎಸ್-6 ಲಾರಿ ಓಡಿಸುವವರ ಶೆಡ್ಡಿನಲ್ಲಿ ಕ್ಯಾನು ತುಂಬಿಕೊಳ್ಳುವುದು ಸಹಜ. ಡಿಇಎಫ್ ಎಂದರೆ ಹೊಗೆಯ ಮಾಲಿನ್ಯ ತಗ್ಗಿಸಲು ಲಾರಿಯ ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರವ. ಇದರ ಖರ್ಚು ಡೀಸೆಲ್‌ನ ಸುಮಾರು 5%. ಲಾರಿಯೊಂದು ತಿಂಗಳಿಗೆ 1,200 ಲೀಟರ್ ಡೀಸೆಲ್ ಕುಡಿದರೆ 60 ಲೀಟರ್ ಡಿಇಎಫ್ ಬೇಕು. ಅಂದರೆ 20 ಲೀಟರಿನ 3 ಕ್ಯಾನು. ಮೂರು ಲಾರಿಗೆ ವರ್ಷಕ್ಕೆ 108.

ಬಂಕಿನಲ್ಲಿ ಡಿಇಎಫ್ ಪಂಪು ಇದ್ದರೆ ನೇರವಾಗಿ ಟ್ಯಾಂಕಿಗೆ ತುಂಬಿಸಿ, ಕ್ಯಾನಿನ ಮಾತೇ ಇಲ್ಲ. ಇಲ್ಲವಾದರೆ ಖಾಲಿ ಡ್ರಮ್ ವಾಪಸ್ ಒಯ್ಯುವ ಡೀಲರ್ ಹತ್ತಿರ 210 ಲೀಟರಿನ ಡ್ರಮ್ ಕೊಳ್ಳಿ. ಆದರೆ ಆಸೆಪಟ್ಟು ಹೆಚ್ಚು ಕೂಡಿಡಬೇಡಿ: 25 ಡಿಗ್ರಿಯಲ್ಲಿ 18 ತಿಂಗಳು ಬಾಳುವ ದ್ರವ 35 ಡಿಗ್ರಿಯಲ್ಲಿ ಆರೇ ತಿಂಗಳು. ನಮ್ಮ ಬ್ಯಾಸಗಿ 40 ದಾಟುತ್ತದೆ, ತಗಡಿನ ಶೆಡ್ಡಿನ ಒಳಗಂತೂ ಕೇಳಬೇಡಿ.

ಹಳೇ ಕ್ಯಾನಿಗೆ ಮತ್ತೆ ಡಿಇಎಫ್ ತುಂಬುವುದು ಉಳಿತಾಯ ಅನ್ನಿಸಬಹುದು. ನಳದ ನೀರಲ್ಲಿ ತೊಳೆದರೆ ಅದರ ಲವಣ ಉಳಿದು ಡಿಇಎಫ್ ಸಿಂಪಡಿಸುವ ಇಂಜೆಕ್ಟರ್, ಹೊಗೆ ಶುದ್ಧಮಾಡುವ ಕ್ಯಾಟಲಿಸ್ಟ್ ಕೆಡುತ್ತವೆ. ಡೀಸೆಲ್ ತುಂಬಿಟ್ಟರೆ ಇನ್ನೂ ಅಪಾಯ. ಗೊತ್ತಿಲ್ಲದವರು ಅದನ್ನೇ ಡಿಇಎಫ್ ಟ್ಯಾಂಕಿಗೆ ಸುರಿದರೆ ರಬ್ಬರ್ ಸೀಲು ಉಬ್ಬಿ ಪಂಪೇ ಹೋಗುತ್ತದೆ. ಕುಡಿಯುವ ನೀರಿಗಂತೂ ಬೇಡವೇ ಬೇಡ.

ಗುಜರಿಗೆ ಹಾಕುವ ಮುನ್ನ ಪೂರ್ತಿ ಬಸಿದು, ಒಮ್ಮೆ ಕಲಕಿ ತೊಳೆಯಿರಿ. ಆ ನೀರಲ್ಲಿರುವುದು ಯೂರಿಯಾ. ಗಟಾರಕ್ಕೆ ಬಿಡದೆ ಇನ್ನಷ್ಟು ನೀರು ಬೆರೆಸಿ ಗಿಡಕ್ಕೆ ಹಾಕಿ. ಕ್ಯಾನಿನ ತಳದಲ್ಲಿ ತ್ರಿಕೋನದೊಳಗೆ 2 ಇದ್ದರೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್. ಅದನ್ನು ಬೇರೆ ಇಟ್ಟು ಕೊಟ್ಟರೆ ಮಿಶ್ರ ಪ್ಲಾಸ್ಟಿಕ್‌ಗಿಂತ ಒಳ್ಳೇ ದರ ಸಿಗುತ್ತದೆ.